ಕೊರಿಯಾದ ಸಣ್ಣ ಊರಿಗೆ ಎರಡು ದಿನ: ಸಪ್ಪೆ ಅನ್ನಿಸದ ಹಾಗೆ ಹೋಗಿಬರುವುದು ಹೇಗೆ

ಮೈಸೂರು, ಮಂಡ್ಯ ಕಡೆಯಿಂದ ಓದಲು ಅಥವಾ ಕೆಲಸಕ್ಕೆ ಕೊರಿಯಾಗೆ ಹೋಗುವ ಹುಡುಗ ಹುಡುಗಿಯರು ಹೊರಡುವ ಮುಂಚೆ ನಮ್ಮ ಮನೆಗೆ ಬಂದು ಹೋಗುವುದುಂಟು. ನಾನು ಅಲ್ಲಿನ ದೇಜೊನ್ ನಗರದಲ್ಲಿ ಪಿಎಚ್.ಡಿ. ಮಾಡಿ ಈಗ ಕುವೆಂಪುನಗರದಲ್ಲಿದ್ದೇನೆ. ರೂಮು, ಬ್ಯಾಂಕು, ಚಳಿಗೆ ಎಂಥ ಜಾಕೆಟ್ಟು, ಎಲ್ಲ ಕೇಳಿಕೊಂಡು ಹೋಗುತ್ತಾರೆ. ಕೆಲವು ತಿಂಗಳಾದ ಮೇಲೆ ಫೋನ್ ಬರುತ್ತದೆ. "ಅಕ್ಕ, ಶನಿವಾರ ಒಂದು ಸಣ್ಣ ಊರಿಗೆ ಹೋಗಿದ್ವಿ. ಅಲ್ಲಿ ಏನೂ ಇಲ್ಲ ಅಕ್ಕ. ಸುಮ್ನೆ ದುಡ್ಡು ದಂಡ."

ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ವಾರವೆಲ್ಲ ಲ್ಯಾಬಿನಲ್ಲಿ ದುಡಿದವರಿಗೆ ಸಿಕ್ಕಿದ್ದ ಎರಡು ದಿನ ಹಾಳಾಯಿತಲ್ಲ ಅನ್ನುವುದು ಒಂದು. ಆ ಊರಿನ ಮುಖ ಸರಿಯಾಗಿ ನೋಡದೆ ಬಂದುಬಿಟ್ಟರಲ್ಲ ಅನ್ನುವುದು ಇನ್ನೊಂದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಗೊಂಗ್ಜು ಎಂಬ ಊರನ್ನೇ ಇಟ್ಟುಕೊಳ್ಳುತ್ತೇನೆ. ದೇಜೊನ್‌ಗೆ ಹತ್ತಿರ, ನನಗೆ ಚೆನ್ನಾಗಿ ಗೊತ್ತಿರುವ ಊರು, ಜನ ಸಪ್ಪೆ ಅಂದು ಬರುವುದೂ ಇದನ್ನೇ. ಇಲ್ಲಿ ಹೇಳಿದ್ದು ಬೇರೆ ಸಣ್ಣ ಊರುಗಳಿಗೂ ಬಹುಪಾಲು ಹೊಂದುತ್ತದೆ.

ಹೊರಡುವ ಮುಂಚೆ

ಬೆಂಗಳೂರಿಂದ ಶನಿವಾರ ಶ್ರೀರಂಗಪಟ್ಟಣಕ್ಕೆ ಬರುವವರನ್ನು ನೀವು ನೋಡಿರುತ್ತೀರಿ. ದರಿಯಾ ದೌಲತ್ ಅರ್ಧ ಗಂಟೆ, ಗುಂಬಜ್ ಅರ್ಧ ಗಂಟೆ, ಟಿಪ್ಪು ಬಿದ್ದ ಜಾಗದಲ್ಲಿ ಒಂದು ಫೋಟೋ, ಸೀದಾ ಮೈಸೂರು ಅರಮನೆ. ಟಿಪ್ಪು ಬಿದ್ದ ಜಾಗದಲ್ಲಿ ಕಣ್ಣಿಗೆ ಕಾಣುವುದು ಏನು? ಒಂದು ಕಲ್ಲು, ಸುತ್ತ ಒಂದಿಷ್ಟು ಜಾಗ. 1799ರ ಮೇ 4ರಂದು ಅಲ್ಲಿ ಏನಾಯಿತು, ಆಮೇಲೆ ರಾಜಧಾನಿ ಯಾಕೆ ಮೈಸೂರಿಗೆ ಬಂತು ಅನ್ನುವುದು ಗೊತ್ತಿದ್ದವರು ಆ ಕಲ್ಲಿನ ಮುಂದೆ ಹತ್ತು ನಿಮಿಷ ನಿಲ್ಲುತ್ತಾರೆ. ಗೊತ್ತಿಲ್ಲದವರು ಎಳನೀರಿನ ಗಾಡಿ ಎಲ್ಲಿದೆ ಅಂತ ಹುಡುಕುತ್ತಾರೆ.

ಗೊಂಗ್ಜು ಕೂಡ ಅಂಥದ್ದೇ ಊರು. ನದಿ ಇದೆ, ಕೋಟೆ ಇದೆ, ಒಂದು ಕಾಲಕ್ಕೆ ರಾಜಧಾನಿ, ಈಗ ಸುಮಾರು ಒಂದು ಲಕ್ಷ ಜನರ ಪಟ್ಟಣ. ಅದರ ಕಥೆ ಇಷ್ಟು. ಹಿಂದೆ ಕೊರಿಯಾದಲ್ಲಿ ಮೂರು ರಾಜ್ಯಗಳಿದ್ದವು. ಅವುಗಳಲ್ಲಿ ಒಂದು ಬೆಕ್ಜೆ. ಅದರ ರಾಜಧಾನಿ ಈಗಿನ ರಾಜಧಾನಿ ಸೋಲ್ ಇರುವ ಕಡೆ ಇತ್ತು. ಉತ್ತರದ ಗೊಗುರ್ಯೊ ರಾಜ್ಯದವರು 475ರಲ್ಲಿ ಅದನ್ನು ಹಿಡಿದು ದೊರೆಯನ್ನು ಕೊಂದರು. ಉಳಿದವರು ದಕ್ಷಿಣಕ್ಕೆ ಬಂದು ಗುಮ್‌ಗಾಂಗ್ ನದಿ ದಂಡೆಯ ಗುಡ್ಡದ ಮೇಲೆ ಹೊಸ ರಾಜಧಾನಿ ಮಾಡಿಕೊಂಡರು. ಅದೇ ಗೊಂಗ್ಜು. 538ರಲ್ಲಿ ರಾಜಧಾನಿ ಮತ್ತೆ ಬುಯೊ ಎಂಬ ಊರಿಗೆ ಹೋಯಿತು. ಆಮೇಲೂ ಗೊಂಗ್ಜು ಪ್ರಾಂತ್ಯದ ಆಡಳಿತ ಕೇಂದ್ರವಾಗಿತ್ತು. ಜಪಾನೀಯರ ಆಳ್ವಿಕೆಯಲ್ಲಿ, 1932ರಲ್ಲಿ, ರೈಲು ಹಾದುಹೋಗುತ್ತಿದ್ದ ದೇಜೊನ್‌ಗೆ ಆ ಕಚೇರಿಯನ್ನೂ ಎತ್ತಿಕೊಂಡು ಹೋದರು. ದೇಜೊನ್ ಬೆಳೆಯಿತು, ಗೊಂಗ್ಜು ಹಾಗೇ ಉಳಿಯಿತು.

ಇಷ್ಟನ್ನು ಬಸ್ಸಿನಲ್ಲಿ ಕೂತು ಓದಿಕೊಂಡರೂ ಸಾಕು. ಕೋಟೆ ಗೋಡೆ ಕಂಡಾಗ, ಓಡಿ ಬಂದವರು ಈ ಗುಡ್ಡವನ್ನೇ ಯಾಕೆ ಆರಿಸಿಕೊಂಡರು ಅಂತ ತಾನಾಗಿಯೇ ಅರ್ಥವಾಗುತ್ತದೆ. ಉತ್ತರಕ್ಕೆ ನದಿ ಅಡ್ಡ ಇದೆಯಲ್ಲ!

ಇನ್ನೊಂದು ಮಾತು. ಊರಿನ ಜಾಹೀರಾತು ಫೋಟೋಗಳನ್ನು ನೋಡಿ ಹೋಗಬೇಡಿ. ಅವು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನಡೆಯುವ ಬೆಕ್ಜೆ ಹಬ್ಬದವು. ಆಗ ನದಿ ಮೇಲೆಲ್ಲ ದೀಪ ಇರುತ್ತದೆ, ಊರ ತುಂಬ ಜನ. ಅದನ್ನು ತಲೆಯಲ್ಲಿಟ್ಟುಕೊಂಡು ಫೆಬ್ರವರಿಯಲ್ಲಿ ಹೋದರೆ ಖಾಲಿ ನದಿ ದಂಡೆ, ಒಣ ಹುಲ್ಲು. ಸಾಮಾನ್ಯ ದಿನ ಹೇಗಿರುತ್ತದೆ ಅಂತ ನೋಡಬೇಕಾದರೆ ಕೊರಿಯಾದವರದೇ ಆದ ನೇವರ್ ಮ್ಯಾಪ್ ಆ್ಯಪ್‌ನಲ್ಲಿ ರಸ್ತೆ ನೋಟ ತೆರೆದು ಬೀದಿಬೀದಿ ನೋಡಿಕೊಳ್ಳಿ.

ತಲುಪುವುದು

ಇಲ್ಲಿ ಬಹಳ ಜನ ಎಡವುವುದು ರೈಲಿನಲ್ಲಿ. ಗೊಂಗ್ಜು ಹೆಸರಿನ ಕೆಟಿಎಕ್ಸ್ ನಿಲ್ದಾಣ ಇದೆ, 2015ರಲ್ಲಿ ಶುರುವಾಯಿತು. ವೇಗದ ರೈಲು, ಹೆಸರೂ ಅದೇ, ಅಂದಮೇಲೆ ಬುಕ್ ಮಾಡಿಬಿಡುತ್ತಾರೆ. ನಿಲ್ದಾಣ ಊರಿಂದ ದೂರ, ಹೊಲಗಳ ಮಧ್ಯೆ ಇದೆ. ಇಳಿದ ಮೇಲೆ ಸಿಟಿ ಬಸ್ಸಿಗೆ ಕಾಯಬೇಕು, ಬಸ್ಸು ಪದೇ ಪದೇ ಇಲ್ಲ. ಟ್ಯಾಕ್ಸಿಗೆ ಕೊಡುವ ದುಡ್ಡಿನಲ್ಲಿ ಒಂದು ಊಟ ಆಗುತ್ತದೆ. ಸೋಲ್‌ನಿಂದ ಬರುವವರು ಎಕ್ಸ್‌ಪ್ರೆಸ್ ಬಸ್ ಹಿಡಿಯಿರಿ. ನೈಋತ್ಯದ ಹೊನಾಮ್ ಕಡೆಯ ಬಸ್ಸುಗಳು ಹೊರಡುವ ಸೆಂಟ್ರಲ್ ಸಿಟಿ ಟರ್ಮಿನಲ್‌ನಿಂದ ಸುಮಾರು ಒಂದೂವರೆ ಗಂಟೆ. ಬಸ್ಸು ಊರೊಳಗೇ ಇಳಿಸುತ್ತದೆ. ದೇಜೊನ್‌ನಿಂದಲೂ ಬಸ್ಸೇ ಸರಿ. ಯಾವ ಸಣ್ಣ ಊರಿಗೆ ಹೋದರೂ ಟಿಕೆಟ್ ತೆಗೆಯುವ ಮುಂಚೆ ನಿಲ್ದಾಣದಿಂದ ಊರಿಗೆ ಎಷ್ಟು ದೂರ ಅಂತ ಅಳೆಯಿರಿ. ವೇಗದ ರೈಲಿನ ಹೊಸ ನಿಲ್ದಾಣಗಳು ಊರ ಹೊರಗಿರುವುದು ಅಲ್ಲಿ ಮಾಮೂಲು.

ದಾರಿಗೆ ನೇವರ್ ಮ್ಯಾಪ್ ಅಥವಾ ಕಾಕಾವೊ ಮ್ಯಾಪ್ ಹಾಕಿಕೊಳ್ಳಿ. ನಾನಿದ್ದಾಗ ಗೂಗಲ್ ಮ್ಯಾಪ್ ಕೊರಿಯಾದಲ್ಲಿ ನಡೆಯುವ ದಾರಿಯನ್ನೇ ತೋರಿಸುತ್ತಿರಲಿಲ್ಲ. ನೇವರ್‌ನಲ್ಲಿ ಇಂಗ್ಲಿಷ್ ಇದೆ, ಸಿಟಿ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಅಂತಲೂ ಹೇಳುತ್ತದೆ. ಬಸ್ಸು, ಮೆಟ್ರೊಗೆ ಬಳಸುವ ಟಿ-ಮನಿ ಕಾರ್ಡ್ ಇಲ್ಲೂ ನಡೆಯುತ್ತದೆ. ಅದಕ್ಕೆ ದುಡ್ಡು ತುಂಬಿಸಲು ಒಂದಿಷ್ಟು ನಗದು ಇಟ್ಟುಕೊಂಡಿರಿ.

ಮೊದಲು ಮ್ಯೂಸಿಯಂ, ಆಮೇಲೆ ದಿಬ್ಬ

ಇದು ಈ ಬರಹದ ಮುಖ್ಯ ಮಾತು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗೊಂಗ್ಜುವಿನಲ್ಲಿ ಎಲ್ಲರೂ ನೋಡಲು ಹೋಗುವುದು ಮುರ್ಯೊಂಗ್ ದೊರೆಯ ಸಮಾಧಿ. ಆತ 501ರಿಂದ 523ರವರೆಗೆ ಆಳಿದವನು. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬೆಕ್ಜೆ ತಾಣಗಳಲ್ಲಿ ಇದೂ ಇದೆ. ಅಲ್ಲಿಗೆ ಹೋದರೆ ಕಾಣುವುದು ಹಸಿರು ಹುಲ್ಲಿನ ಕೆಲವು ದಿಬ್ಬಗಳು. ಒಳಗೆ ಯಾರನ್ನೂ ಬಿಡುವುದಿಲ್ಲ, ಇಟ್ಟಿಗೆಗಳು ಹಾಳಾಗುತ್ತವೆ ಅಂತ 1997ರಲ್ಲೇ ಮುಚ್ಚಿದ್ದಾರೆ. ಪಕ್ಕದ ಪ್ರದರ್ಶನಾಲಯದಲ್ಲಿ ಸಮಾಧಿಯ ಪ್ರತಿಕೃತಿ ಇದೆ. ನಮ್ಮ ಅಮ್ಮ ಮಂಡ್ಯದಿಂದ ಬಂದಿದ್ದಾಗ ಬಸ್ಸಿಳಿದ ತಕ್ಷಣ ಕಂಡಿದ್ದು ಈ ದಿಬ್ಬಗಳೇ. ಸ್ವಲ್ಪ ಹೊತ್ತು ನೋಡಿ, "ಇದೇನ್ ಮಗಾ, ಬರೀ ದಿಬ್ಬ. ಇದ್ನ ನೋಡಕ್ಕಾ ಅಷ್ಟು ದೂರದಿಂದ ಬಂದಿದ್ದು?" ಅಂದರು. ಕೇಳಬೇಕಾದ ಪ್ರಶ್ನೆಯೇ.

ಅಲ್ಲಿಂದ ಗೊಂಗ್ಜು ರಾಷ್ಟ್ರೀಯ ಮ್ಯೂಸಿಯಂಗೆ ನಡೆದೇ ಹೋಗಬಹುದು. ಸಮಾಧಿಯಲ್ಲಿ ಸಿಕ್ಕಿದ್ದೆಲ್ಲ ಇರುವುದು ಅಲ್ಲಿ. ಈ ಸಮಾಧಿ ಸಿಕ್ಕಿದ್ದು 1971ರ ಜುಲೈನಲ್ಲಿ, ಮಳೆಗಾಲ. ಪಕ್ಕದ ಎರಡು ಸಮಾಧಿಗಳಿಗೆ ನೀರು ಇಳಿಯದಿರಲಿ ಅಂತ ಕಾಲುವೆ ತೋಡುತ್ತಿದ್ದಾಗ ಇಟ್ಟಿಗೆ ತಗುಲಿತು. ಸಾವಿರದ ನಾನೂರು ವರ್ಷಕ್ಕೂ ಹೆಚ್ಚು ಕಾಲ ಕಳ್ಳರ ಕೈ ತಾಗದೆ ಉಳಿದಿದ್ದ ಕೋಣೆ ಅದು. ಸುದ್ದಿ ಹರಡಿ ಜನ, ಪತ್ರಕರ್ತರು ಮುತ್ತಿಕೊಂಡರು. ಒಳಗಿದ್ದದ್ದನ್ನೆಲ್ಲ ಒಂದೇ ರಾತ್ರಿಯಲ್ಲಿ ಅವಸರವಾಗಿ ತೆಗೆದುಬಿಟ್ಟರು. ತಿಂಗಳುಗಟ್ಟಲೆ ಮಾಡಬೇಕಾದ ಕೆಲಸ. ಅಗೆತ ನಡೆಸಿದವರೇ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ನೊಂದುಕೊಂಡರು. ನಾಲ್ಕು ಸಾವಿರಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ರಾಜ ರಾಣಿಯರ ತಲೆಗೆ ಮುಡಿಸಿದ್ದ ಚಿನ್ನದ ಒಡವೆ ಬೆಂಕಿಯ ನಾಲಿಗೆಯ ಆಕಾರದಲ್ಲಿವೆ. ಶವಪೆಟ್ಟಿಗೆಯ ಮರ ಜಪಾನಿನದು, ಇಟ್ಟಿಗೆಯ ಕೋಣೆ ಕಟ್ಟಿರುವ ರೀತಿ ಚೀನಾದ್ದು. ಆರನೇ ಶತಮಾನದ ಒಂದು ಸಣ್ಣ ರಾಜಧಾನಿಗೆ ಎಲ್ಲೆಲ್ಲಿಂದ ಸಾಮಾನು ಬರುತ್ತಿತ್ತು ನೋಡಿ.

ಆದರೆ ಮ್ಯೂಸಿಯಂನಲ್ಲಿ ನೀವು ನಿಂತು ನೋಡಬೇಕಾದ್ದು ಎರಡು ವಸ್ತು. ಒಂದು, ಸಮಾಧಿಯ ಬಾಗಿಲ ದಾರಿಯಲ್ಲಿ ಕಾವಲಿಗೆ ಇಟ್ಟಿದ್ದ ಕಲ್ಲಿನ ಪ್ರಾಣಿ. ಒಂದೂವರೆ ಅಡಿ ಉದ್ದ ಇರಬಹುದು. ಮೊಂಡು ಮೂತಿ, ತುಂಬಿದ ಮೈ, ಪಕ್ಕೆಯಲ್ಲಿ ರೆಕ್ಕೆಯ ಗುರುತು, ತಲೆ ಮೇಲೆ ಕಬ್ಬಿಣದ ಕೊಂಬು. ತುಟಿಗೆ ಹಚ್ಚಿದ್ದ ಕೆಂಪು ಬಣ್ಣ ಇನ್ನೂ ಸ್ವಲ್ಪ ಉಳಿದಿದೆ. ಹಿಂಗಾಲು ಒಂದು ಮುರಿದಿದೆ. ಅಮ್ಮ ಅದರ ಮುಂದೆ ಬಗ್ಗಿ ನಿಂತವರು ಏಳಲೇ ಇಲ್ಲ. "ಪಾಪ, ಒಂದು ಕಾಲಿಲ್ಲ ಕಣೇ. ಆದ್ರೂ ಬಾಗ್ಲು ಕಾಯ್ಕೊಂಡು ನಿಂತದೆ ನೋಡು" ಅಂದರು.

ಎರಡನೆಯದು, ಆ ಪ್ರಾಣಿಯ ಮುಂದೆ ಇಟ್ಟಿದ್ದ ಎರಡು ಕಲ್ಲಿನ ಹಲಗೆಗಳು. ಒಂದರ ಮೇಲೆ ದೊರೆಯ ಹೆಸರು, 62ನೇ ವಯಸ್ಸಿನಲ್ಲಿ ತೀರಿಕೊಂಡ ದಿನ ಕೆತ್ತಿದ್ದಾರೆ. ಸಮಾಧಿ ಯಾರದ್ದು ಅಂತ ಖಚಿತವಾಗಿದ್ದು ಇದರಿಂದಲೇ. ಇನ್ನೊಂದರಲ್ಲಿ ಇರುವುದು ಜಮೀನಿನ ಕ್ರಯಪತ್ರ! ದೊರೆ ತನ್ನ ಸಮಾಧಿಯ ಜಾಗವನ್ನು ಭೂಮಿಯ ದೇವತೆಗಳಿಂದ ಹತ್ತು ಸಾವಿರ ನಾಣ್ಯಕ್ಕೆ ಕೊಂಡುಕೊಂಡಿದ್ದಾನೆ ಅಂತ ಬರೆದಿದೆ. ಹಲಗೆಗಳ ಮೇಲೆ ಕಬ್ಬಿಣದ ನಾಣ್ಯಗಳ ಒಂದು ಸರವನ್ನೂ ಇಟ್ಟಿದ್ದರು. ನಾನು ಓದಿ ಹೇಳಿದಾಗ ಅಮ್ಮನಿಗೆ ಆಶ್ಚರ್ಯವೋ ಆಶ್ಚರ್ಯ. "ರಾಜನಾದ್ರೂ ಭೂಮಿತಾಯಿಗೆ ದುಡ್ಡು ಕೊಟ್ಟೇ ಮಲಗಬೇಕಾಯ್ತಾ?" ಅಂತ ಮತ್ತೆ ಮತ್ತೆ ಕೇಳಿದರು. ಹೊರಗೆ ಬಂದ ಮೇಲೆ, "ಆ ದಿಬ್ಬದ ಹತ್ರ ಇನ್ನೊಂದ್ಸಲ ಹೋಗಣ" ಅಂದರು. ಹೋದೆವು. ಈ ಸಲ ಅವರು ಬೇಗ ಹೊರಡಲಿಲ್ಲ.

ಅದಕ್ಕೇ ಹೇಳುತ್ತಿರುವುದು, ಮ್ಯೂಸಿಯಂ ಮೊದಲು. ಸಣ್ಣ ಊರಿನಲ್ಲಿ ನೆಲದ ಮೇಲೆ ಉಳಿದಿರುವುದು ಕಡಿಮೆ, ಅದರ ಜೀವ ಗಾಜಿನ ಪೆಟ್ಟಿಗೆಯೊಳಗೆ ಇರುತ್ತದೆ. ಸೋಮವಾರ ಬಹಳಷ್ಟು ಮ್ಯೂಸಿಯಂಗಳಿಗೆ ರಜೆ. ಭಾನುವಾರ, ಸೋಮವಾರ ಸೇರಿಸಿ ಹೋಗುವ ಯೋಚನೆ ಇದ್ದರೆ ಭಾನುವಾರವೇ ಮ್ಯೂಸಿಯಂ ಮುಗಿಸಿಕೊಳ್ಳಿ.

ಕೋಟೆಯನ್ನು ಸಂಜೆಗೆ ಇಟ್ಟುಕೊಳ್ಳಿ

ಗೊಂಗ್ಸಾನ್‌ಸೊಂಗ್ ಕೋಟೆಯ ಗೋಡೆ ಎರಡೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಗೋಡೆ ಮೇಲೇ ನಡೆಯಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಬರೀ ಹತ್ತುವುದು ಇಳಿಯುವುದು, ಬೇಸಿಗೆಯಾದರೆ ಬೆವರು. ಬಿಸಿಲು ಇಳಿಯುವ ಹೊತ್ತಿಗೆ ಪಶ್ಚಿಮದ ಗುಮ್ಸೊರು ಬಾಗಿಲಿಂದ ಹತ್ತಿ, ನದಿ ಕಡೆಯ ಗೋಡೆ ಹಿಡಿದು ನಡೆಯಿರಿ. ಕೆಳಗೆ ಅಗಲವಾದ ಗುಮ್‌ಗಾಂಗ್, ಅದಕ್ಕೆ ಅಡ್ಡಲಾಗಿ 1930ರ ದಶಕದ ಕಬ್ಬಿಣದ ಸೇತುವೆ, ಆಚೆ ಹೊಸ ಊರಿನ ಅಪಾರ್ಟ್‌ಮೆಂಟುಗಳು. ಕತ್ತಲಾದ ಮೇಲೆ ಗೋಡೆಗೆ ದೀಪ ಹಾಕುತ್ತಾರೆ, ಅದನ್ನು ಸೇತುವೆ ಮೇಲಿಂದ ನೋಡಬೇಕು. ಗೋಡೆಯ ದಾರಿ ಕೆಲವು ಕಡೆ ಕಡಿದಾಗಿದೆ, ಅಂಚಿಗೆ ತಡೆ ಇಲ್ಲ. ಮಂಡಿನೋವು ಇರುವ ಹಿರಿಯರನ್ನು ಪೂರ್ತಿ ಸುತ್ತು ಹಾಕಿಸಬೇಡಿ. ಒಳಗಿನ ಮಣ್ಣಿನ ದಾರಿ ಸಲೀಸು, ಅಲ್ಲೇ ಮರದ ನೆರಳಲ್ಲಿ ಕೂರಿಸಿ.

ಊಟದ ಚಿಂತೆ

ಸಪ್ಪೆ ಪ್ರವಾಸಕ್ಕೆ ಅರ್ಧ ಕಾರಣ ಹಸಿವು ಅಂತ ನನ್ನ ನಂಬಿಕೆ. ಸೋಲ್‌ನಲ್ಲಿ ರಾತ್ರಿ ಹತ್ತಕ್ಕೂ ಏನಾದರೂ ಸಿಗುತ್ತದೆ, ಇಂಡಿಯನ್ ಹೋಟೆಲೂ ಇವೆ. ಸಣ್ಣ ಊರಿನಲ್ಲಿ ಹಾಗಲ್ಲ. ಮೂರರಿಂದ ಐದರವರೆಗೆ ಅಡುಗೆಮನೆಗೆ ವಿರಾಮ ಕೊಡುವ ಹೋಟೆಲು ಬಹಳ. ರಾತ್ರಿ ಬೇಗ ಬಾಗಿಲು ಹಾಕುತ್ತಾರೆ. ಒಲೆ ಮೇಲೆ ಕುದಿಸಿ ತಿನ್ನುವ ಸಾರು, ಸುಟ್ಟು ತಿನ್ನುವ ಮಾಂಸದಂಥವನ್ನು ಒಬ್ಬರಿಗೆ ಕೊಡುವುದಿಲ್ಲ, ಕನಿಷ್ಠ ಇಬ್ಬರ ಪಾಲು ಹೇಳಬೇಕು. ಒಬ್ಬರೇ ಹೋಗಿದ್ದರೆ ಬಾಗಿಲಲ್ಲೇ ಕೇಳಿಕೊಂಡು ಕೂರಿ. ಮಧ್ಯಾಹ್ನದ ಊಟ ಒಂದೂವರೆ ಒಳಗೆ, ರಾತ್ರಿಯದ್ದು ಏಳರೊಳಗೆ ಮುಗಿಸುವ ಹಾಗೆ ದಿನವನ್ನು ಹೊಂದಿಸಿಕೊಳ್ಳಿ.

ಸಸ್ಯಾಹಾರಿಗಳು ಇನ್ನೂ ಹುಷಾರಾಗಿರಬೇಕು. ನೋಡಲು ಬರೀ ತರಕಾರಿ ಸಾರು ಅನ್ನಿಸಿದರೂ ಒಣಮೀನು ಹಾಕಿ ಕುದಿಸಿದ ನೀರೇ ಅದರ ಬುಡ. ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸಣ್ಣ ಸೀಗಡಿ ಇರುತ್ತದೆ. ಅನ್ನದ ಮೇಲೆ ತರಕಾರಿ ಹಾಕಿ ಕೊಡುವ, ಕಲಸಿಕೊಂಡು ತಿನ್ನುವ ಬಿಬಿಂಬಾಪ್ ಸಿಕ್ಕರೆ ಅದೇ ವಾಸಿ. "ಗೋಗಿ ಪ್ಪೆ ಜುಸೆಯೊ" ಅಂದರೆ ಮಾಂಸ ಬಿಟ್ಟು ಕೊಡುತ್ತಾರೆ. ಆದರೆ ಮೀನು, ಸೀಗಡಿ, ಹ್ಯಾಮ್ ಅವರ ಲೆಕ್ಕದಲ್ಲಿ ಬೇರೆ, ಮೊಟ್ಟೆಯೂ ಬೇರೆ. ಒಂದೊಂದನ್ನೂ ಹೆಸರಿಟ್ಟು ಹೇಳಬೇಕು. ಕೊರಿಯನ್ ಗೊತ್ತಿರುವ ಸ್ನೇಹಿತರ ಕೈಲಿ ಒಂದು ಚೀಟಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಮೇಲೆ ಹಾಕುವ ಕೆಂಪು ಖಾರದ ಪೇಸ್ಟಿಗೂ ಕೆಲವರು ಹುರಿದ ಮಾಂಸ ಬೆರೆಸಿರುತ್ತಾರೆ, ಅದನ್ನೂ ಕೇಳಿ.

ಏನೂ ಸಿಗದಿದ್ದರೆ ದಾರಿ ಇದೆ. ಯಾವುದೇ ಕನ್ವೀನಿಯನ್ಸ್ ಸ್ಟೋರ್‌ನಲ್ಲಿ ಬೆಂದ ಅನ್ನದ ಡಬ್ಬಿ ಸಿಗುತ್ತದೆ. ಅಲ್ಲೇ ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಟ್ಟರೆ ಬಿಸಿ ಅನ್ನ. ಮನೆಯಿಂದ ಕಳಿಸಿದ ಚಟ್ನಿಪುಡಿ ಜೊತೆಗಿದ್ದರೆ ಮತ್ತೇನು ಬೇಕು? ಬಿಸಿ ಅನ್ನಕ್ಕೆ ಚಟ್ನಿಪುಡಿ, ನೆಂಚಿಕೊಳ್ಳಲು ಹುರಿದ ಸಮುದ್ರಪಾಚಿಯ ಹಾಳೆ. ಒಂದು ಸಲ ತಿಂದು ನೋಡಿ, ಆಮೇಲೆ ನೀವೇ ಇನ್ನೊಬ್ಬರಿಗೆ ಹೇಳುತ್ತೀರಿ. ಮೈಸೂರಿಂದ ಹೊರಡುವಾಗಲೇ ಒಂದು ಪುಟ್ಟ ಡಬ್ಬಿ ಬೇರೆ ಮಾಡಿಡಿ, ಪ್ರವಾಸಕ್ಕೆ ಅಂತಲೇ. ಇನ್ನು ಗೊಂಗ್ಜು ಚೆಸ್ಟ್‌ನಟ್‌ಗೆ ಹೆಸರಾದ ಊರು. ಚಳಿಗಾಲದ ಹೊತ್ತಿಗೆ ಸುಟ್ಟ ಚೆಸ್ಟ್‌ನಟ್ ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಬಿಸಿಬಿಸಿ, ಸಿಹಿ, ಹೊಟ್ಟೆಯೂ ತುಂಬುತ್ತದೆ.

ಎರಡನೇ ದಿನ

ಭಾನುವಾರಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ. ಊರಲ್ಲೇ ಇರುವ ಆಸೆ ಇದ್ದರೆ ಜೆಮಿನ್‌ಚೊನ್ ಎಂಬ ಹಳ್ಳದ ಪಕ್ಕ ನಡೆಯಿರಿ. ಹಳೇ ಮನೆಗಳು, ಪುಸ್ತಕದ ಅಂಗಡಿ, ಸಣ್ಣ ಕಾಫಿ ಅಂಗಡಿಗಳು ಸಿಗುತ್ತವೆ, ಕೊನೆಗೆ ಸಾನ್‌ಸೊಂಗ್ ಮಾರುಕಟ್ಟೆಗೆ ಹೋಗಬಹುದು. ಅಲ್ಲಿನ ಸಣ್ಣ ಊರುಗಳಲ್ಲಿ ಸಂತೆ ವಾರದ ಲೆಕ್ಕದಲ್ಲಿ ನಡೆಯುವುದಿಲ್ಲ, ತಾರೀಖಿನ ಲೆಕ್ಕದಲ್ಲಿ ಐದು ದಿನಕ್ಕೊಮ್ಮೆ ನಡೆಯುತ್ತದೆ. ಸಂತೆ ತಾರೀಖು ಶನಿವಾರಕ್ಕೋ ಭಾನುವಾರಕ್ಕೋ ಬೀಳುವ ವಾರ ನೋಡಿಕೊಂಡು ಹೋದರೆ ಊರು ಬೇರೆಯೇ ಆಗಿ ಕಾಣುತ್ತದೆ. ಹಳ್ಳಿಗಳಿಂದ ಅಜ್ಜಿಯರು ಸೊಪ್ಪು, ಒಣಗಿಸಿದ ಬೇರು, ಮೆಣಸಿನಕಾಯಿ ತಂದು ನೆಲದ ಮೇಲೆ ಹರಡಿಕೊಂಡು ಕೂತಿರುತ್ತಾರೆ.

ಊರ ಹೊರಗೆ ಹೋಗುವವರಿಗೆ ಮಾಗೊಕ್ಸಾ ಬೌದ್ಧ ಮಠ ಇದೆ. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬೆಟ್ಟದ ಮಠಗಳಲ್ಲಿ ಒಂದು. ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರ ಕಿಮ್ ಗು 1898ರಲ್ಲಿ ಜೈಲಿನಿಂದ ತಪ್ಪಿಸಿಕೊಂಡು ಬಂದು ಇಲ್ಲಿ ಸನ್ಯಾಸಿಯಾಗಿ ಅಡಗಿದ್ದರು. ಸಿಟಿ ಬಸ್ಸು ಹೋಗುತ್ತದೆ, ವಾಪಸ್ ಬಸ್ಸಿನ ಸಮಯವನ್ನು ಇಳಿದ ಕೂಡಲೇ ಫೋಟೋ ತೆಗೆದುಕೊಳ್ಳಿ. ರಾತ್ರಿ ಮಠದಲ್ಲೇ ಉಳಿಯುವ ಟೆಂಪಲ್‌ಸ್ಟೇ ವ್ಯವಸ್ಥೆಯೂ ಉಂಟು. ಮಠದ ಅಡುಗೆಯಲ್ಲಿ ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮನೆಯಲ್ಲಿ ಮಡಿ ಮಾಡುವ ಹಿರಿಯರು ಬಂದಿದ್ದರೆ ಇದಕ್ಕಿಂತ ನೆಮ್ಮದಿಯ ಜಾಗ ಸಿಗುವುದು ಕಷ್ಟ.

ಊರೊಳಗೆ ಉಳಿಯುವವರು ಮ್ಯೂಸಿಯಂ ಹತ್ತಿರದ ಹಾನೊಕ್ ಗ್ರಾಮ ನೋಡಬಹುದು. ಹಳೇ ಮಾದರಿಯ ಮರದ ಮನೆಗಳು, ನೆಲವೇ ಬೆಚ್ಚಗಿರುತ್ತದೆ. ನೆಲದ ಮೇಲೆ ಹಾಸಿಗೆ ಹಾಸಿ ಮಲಗುವುದು ಇಲ್ಲಿನ ಪದ್ಧತಿ. ಕೆಳಗೆ ಕೂತು ಏಳಲು ಆಗದವರಿಗೆ ಮಂಚ ಇರುವ ಕೋಣೆ ಅಂತ ಮೊದಲೇ ಕೇಳಿ ಬುಕ್ ಮಾಡಿ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಏಪ್ರಿಲ್ ಮೊದಲ ವಾರ ಅಥವಾ ಅಕ್ಟೋಬರ್ ಕೊನೆ ನೋಡಿ. ಜೂನ್ ಕೊನೆಯಿಂದ ಜುಲೈ ಮಳೆ, ಆಗಸ್ಟ್ ಸೆಕೆ, ಜನವರಿ ಚಳಿಯನ್ನು ನಮ್ಮ ಕಡೆಯ ಮೈ ತಡೆಯುವುದಿಲ್ಲ. ಅವರಿಗೆ ವೀಸಾ ಮುಂಚೆಯೇ ಬೇಕು, ಅದಕ್ಕೆ ಸಮಯ ಬಿಟ್ಟುಕೊಳ್ಳಿ.

ಬೇರೆ ಊರು ಆರಿಸಿಕೊಂಡವರಿಗೂ ಇದೇ ಕ್ರಮ. ಆಂದೊಂಗ್‌ಗೆ ಹೋಗುವುದಾದರೆ ಎಲ್ಲರೂ ನೋಡಬೇಕೆನ್ನುವ ಹಾಹ್ವೆ ಗ್ರಾಮ ಊರಿಂದ ಬಹಳ ದೂರ ಇದೆ, ಅರ್ಧ ದಿನ ಅದಕ್ಕೇ ಎತ್ತಿಡಿ. ಗುನ್ಸಾನ್‌ಗೆ ಹೋಗುವುದಾದರೆ ಜಪಾನೀಯರು ಈ ಬಂದರಿನಿಂದ ಕೊರಿಯಾದ ಅಕ್ಕಿಯನ್ನು ಸಾಗಿಸುತ್ತಿದ್ದ ಕಥೆ ಓದಿಕೊಂಡು ಹೋಗಿ, ಆಗ ಅಲ್ಲಿನ ಹಳೇ ಬ್ಯಾಂಕು, ಸುಂಕದ ಕಚೇರಿಯ ಕಟ್ಟಡಗಳು ಮಾತಾಡುತ್ತವೆ. ಒಂದೇ ವಾರಾಂತ್ಯದಲ್ಲಿ ಗೊಂಗ್ಜು, ಬುಯೊ ಎರಡನ್ನೂ ಮುಗಿಸುತ್ತೇವೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಬುಯೊ ಇನ್ನೊಂದು ಶನಿವಾರಕ್ಕೆ ಇರಲಿ.

ವಾಪಸ್ ಟಿಕೆಟ್ ಮಾತ್ರ ಶನಿವಾರ ಬಸ್ಸಿಳಿದ ಕೂಡಲೇ ಟರ್ಮಿನಲ್ ಕೌಂಟರಿನಲ್ಲೇ ತೆಗೆದುಬಿಡಿ. ಭಾನುವಾರ ಸಂಜೆ ಸೋಲ್ ಕಡೆಗೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಸೀಟು ಸಿಗುವುದಿಲ್ಲ, ಹೆದ್ದಾರಿಯೂ ತುಂಬಿರುತ್ತದೆ. ಮಧ್ಯಾಹ್ನ ಊಟ ಮಾಡಿ ಮೂರರೊಳಗಿನ ಬಸ್ಸು ಹಿಡಿದರೆ ರಾತ್ರಿ ಅಡುಗೆಗೆ ರೂಮಿನಲ್ಲಿರುತ್ತೀರಿ.